ಅಳಿದುಳಿದ ಕಾಡೂ ನಮ್ಮ ಸೇವೆಯೂ

(ಮನೆಕೂಟಗಳಿಗೂ ಯೌವನಸ್ಥರ ಸಂಘಗಳಿಗೂ ಒಂದು ಪಾಠ)

ಓದತಕ್ಕ ವೇದಭಾಗಗಳು: ಆದಿಕಾಂಡ ೨:೮–೧೫, ಮತ್ತಾಯ ೧೩:೨೪–೩೦, ಮಾರ್ಕ ೪:೨೬–೨೯, ಪ್ರಕಟನೆ ೩:೧–೬.



ಸಾರ್ದಿಸ್ ಎಂಬ ಪಟ್ಟಣದ ಸಭೆಗೆ ಕರ್ತನು ಬರೆಯಿಸಿದ ಪತ್ರವು ಚಿಕ್ಕದಾದರೂ ಓದುವವನ ಎದೆಯನ್ನು ಚುಚ್ಚುವಂಥದಾಗಿದೆ. ಆ ಸಭೆಗೆ ಜೀವವುಳ್ಳದ್ದೆಂಬ ಹೆಸರಿತ್ತು. ಒಳಗೆ ನೋಡಿದರೆ ಮರಣವು ವ್ಯಾಪಿಸಿಕೊಂಡಿತ್ತು. ಹೀಗಿದ್ದರೂ ಕರ್ತನು ಅದನ್ನು ತಳ್ಳಿಬಿಡಲಿಲ್ಲ. ಸಾಯುವ ಹಾಗಿದ್ದರೂ ಇನ್ನೂ ಸಾಯದೆ ಇರುವಂಥದು ಏನುಂಟೋ ಅದನ್ನು ಹುಡುಕಿ, ಅದಕ್ಕೆ ಮೊದಲು ಬಲ ಕೊಡಬೇಕೆಂದು ಅಪ್ಪಣೆಮಾಡಿದನು. ಕಳೆದುಹೋದದ್ದನ್ನು ಕುರಿತು ಅಳುತ್ತಾ ಕೂತುಕೊಳ್ಳಬೇಕೆಂದು ಹೇಳಲಿಲ್ಲ; ಎಲ್ಲವನ್ನೂ ಕೆಡವಿ ಹೊಸದಾಗಿ ಕಟ್ಟಬೇಕೆಂದೂ ಹೇಳಲಿಲ್ಲ.

ಈ ಮಾತು ಆತ್ಮಸಂಬಂಧವಾದದ್ದೇ ಸರಿ. ಆದರೂ ದೇವರು ಮನುಷ್ಯನ ಕೈಗೆ ಒಪ್ಪಿಸಿದ ಭೂಮಿಯ ವಿಷಯದಲ್ಲಿಯೂ ಇದೇ ನ್ಯಾಯವು ಸಲ್ಲುವದೆಂದು ನಾವು ಈ ಪಾಠದಲ್ಲಿ ತೋರಿಸಬೇಕೆಂದಿದ್ದೇವೆ. ಅಳಿದುಹೋಗಿ ಅಲ್ಲಲ್ಲಿ ತುಂಡುತುಂಡಾಗಿ ಉಳಿದಿರುವ ಮಳೆಕಾಡುಗಳನ್ನು ಕೂಲಿಯನ್ನು ಬಯಸದೆ ಕಾಪಾಡುವ ಜನರು ಅನೇಕ ದೇಶಗಳಲ್ಲಿ ಇದ್ದಾರೆ. ಅವರ ಕೆಲಸವೇನು, ಅವರಿಗೆ ನಾವು ಹೇಗೆ ನೆರವಾಗಬೇಕು ಎಂಬದನ್ನು ತಿಳಿಯುವದು ಒಳ್ಳೇದು. ಮೊದಲು ದೂರದ ಒಂದು ದೇಶಕ್ಕೆ ಹೋಗಿ ನೋಡೋಣ. ಯಾಕಂದರೆ ಅಲ್ಲಿ ಈ ಕೆಲಸವು ಹಲವು ದಶಕಗಳಿಂದ ನಡೆದದ್ದರಿಂದ ಅದರ ಫಲವೂ ತಪ್ಪುಗಳೂ ಸ್ಪಷ್ಟವಾಗಿ ಕಾಣಬರುತ್ತವೆ. ಆ ಮೇಲೆ ನಮ್ಮ ಸೀಮೆಗೆ ಹಿಂತಿರುಗೋಣ.

೧. ಒಂದು ಮಹಾರಣ್ಯಕ್ಕೆ ಆದ ಗತಿ

ಆಸ್ಟ್ರೇಲಿಯ ಖಂಡದ ಪೂರ್ವತೀರದಲ್ಲಿ ನ್ಯೂ ಸೌತ್ ವೇಲ್ಸ್ ಎಂಬ ಸಂಸ್ಥಾನವಿದೆ. ಅದರ ಉತ್ತರದ ಮೂಲೆಯಲ್ಲಿ, ಈಗ ಲಿಸ್ಮೋರ್, ಬ್ಯಾಲಿನ, ಬೈರನ್ ಬೇ ಎಂಬ ಊರುಗಳು ಇರುವ ಸೀಮೆಯಲ್ಲಿ, ಪೂರ್ವದಲ್ಲಿ ಒಂದೇ ಹಚ್ಚಡವನ್ನು ಹಾಸಿದಂತೆ ಮಳೆಕಾಡು ಹರಡಿಕೊಂಡಿತ್ತು. ಅದರ ವಿಸ್ತಾರವು ಸುಮಾರು ೭೫,೦೦೦ ಹೆಕ್ಟೇರು, ಅಂದರೆ ಸುಮಾರು ೧,೮೫,೦೦೦ ಎಕರೆ. ಬಹು ಪುರಾತನ ಕಾಲದಲ್ಲಿ ಆರಿಹೋದ ಒಂದು ಜ್ವಾಲಾಮುಖಿ ಪರ್ವತದ ಶಿಲಾರಸವು ಕಾಲಕ್ರಮದಲ್ಲಿ ಸವೆದು ಕೆಂಪು ಮಣ್ಣಾಗಿ, ಆ ಕಾಡನ್ನು ಪೋಷಿಸುತ್ತಿತ್ತು. ಬಂಜಲಂಗ್ ಎಂಬ ಮೂಲನಿವಾಸಿಗಳು ಸಾವಿರಾರು ವರುಷಗಳಿಂದ ಆ ಸೀಮೆಯಲ್ಲಿ ವಾಸಿಸುತ್ತಾ ಅದರ ಹಣ್ಣುಕಾಯಿಗಳಿಂದಲೂ ಬೇಟೆಯಿಂದಲೂ ಜೀವಿಸುತ್ತಿದ್ದರು. ಹೊರಗಿನಿಂದ ಬಂದ ಬಿಳಿಯರು ಆ ಕಾಡಿಗೆ ಬಿಗ್ ಸ್ಕ್ರಬ್ ಎಂದು ಹೆಸರಿಟ್ಟರು.

೧೮೪೨ರಲ್ಲಿ ರಿಚ್ಮಂಡ್ ಎಂಬ ಹೊಳೆಯ ದಾರಿಯಾಗಿ ಮರ ಕೊಯ್ಯುವವರು ಆ ಕಾಡಿಗೆ ಬಂದರು. ಅವರು ಹುಡುಕಿಕೊಂಡು ಬಂದದ್ದು ಕೆಂಪು ದೇವದಾರು ಎಂದು ಅವರು ಕರೆದ ಒಂದು ಮರವನ್ನು. ಅದು ನಿಜವಾದ ದೇವದಾರು ಅಲ್ಲ. ನಮ್ಮ ಮಲೆನಾಡಿನಲ್ಲಿಯೂ ಬೆಳೆಯುವ, ಗಂಧಗರಿಗೆ ಮೊದಲಾದ ಹೆಸರುಗಳಿಂದ ನಮ್ಮವರು ಕರೆಯುವ ಮರವೇ ಅದು. ಒಬ್ಬನೇ ಸೃಷ್ಟಿಕರ್ತನು ಒಂದೇ ಮರವನ್ನು ಎರಡು ಖಂಡಗಳಲ್ಲಿ ನೆಟ್ಟನು. ಎರಡು ಕಡೆಯಲ್ಲಿಯೂ ಮನುಷ್ಯನು ಗರಗಸವನ್ನು ಹಿಡಿದು ಅದರ ಬಳಿಗೆ ಬಂದನು.

ಮರ ಕೊಯ್ಯುವವರು ಒಳ್ಳೇ ಮರಗಳನ್ನು ಮಾತ್ರ ಕಡಿದುಕೊಂಡು ಹೋದರು. ಅವರ ಹಿಂದೆ ಬಂದ ಒಕ್ಕಲಿಗರಾದರೋ ಕಾಡನ್ನೇ ತೆಗೆದುಹಾಕಿದರು. ೧೮೬೧ರಲ್ಲಿ ಆ ಸಂಸ್ಥಾನದಲ್ಲಿ ಒಂದು ಭೂಮಿಯ ಕಾಯಿದೆಯು ಬಂತು. ಯಾವನಾದರೂ ೪೦ ಎಕರೆಯಿಂದ ೩೨೦ ಎಕರೆಯ ವರೆಗೆ ಭೂಮಿಯನ್ನು ಆರಿಸಿಕೊಳ್ಳಬಹುದು. ಆದರೆ ಅವನು ಅಲ್ಲಿಯೇ ವಾಸಮಾಡಿ ಭೂಮಿಯನ್ನು ಊರ್ಜಿತಕ್ಕೆ ತರಬೇಕು ಎಂದು ಅದರ ನಿಬಂಧನೆ. ಊರ್ಜಿತಕ್ಕೆ ತರುವದೆಂದರೆ ಕಾಡನ್ನು ಕಡಿದು ಸುಟ್ಟು ಬಯಲುಮಾಡುವದೇ ಎಂದು ಆ ಕಾಲದ ಜನರು ತಿಳಿದಿದ್ದರು. ೧೯೦೦ರ ಹೊತ್ತಿಗೆ ಆ ಮಹಾರಣ್ಯವು ಬಹುಮಟ್ಟಿಗೆ ಹಸುಗಳು ಮೇಯುವ ಹುಲ್ಲುಗಾವಲಾಗಿ ಹೋಯಿತು. ಈಗ ಉಳಿದಿರುವದು ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ; ಅದೂ ಒಂದೇ ಕಡೆಯಲ್ಲಿಲ್ಲ. ಕೆಲವು ತುಂಡುಗಳು ಸರಕಾರದ ರಕ್ಷಿತ ವನಗಳಾಗಿವೆ. ಅನೇಕವು ರೈತರ ಸ್ವಂತ ಹೊಲತೋಟಗಳ ನಡುವೆ ದ್ವೀಪಗಳಂತೆ ನಿಂತಿವೆ.

ಇದನ್ನು ಓದಿ ಆ ಒಕ್ಕಲಿಗರನ್ನು ದುಷ್ಟರೆಂದು ತೀರ್ಪುಮಾಡುವದಕ್ಕೆ ನಾವು ಆತುರಪಡಬಾರದು. ಅವರು ಸಾಲಮಾಡಿ ಬಂದ ಬಡವರು. ಹೆಂಡತಿಮಕ್ಕಳೊಂದಿಗೆ ಹಗಲಿರುಳು ದುಡಿದವರು. ಅವರಲ್ಲಿ ಅನೇಕರು ಆದಿತ್ಯವಾರದಲ್ಲಿ ದೇವಾಲಯಕ್ಕೆ ಹೋಗುವವರೂ ಆಗಿದ್ದರು. ಭೂಮಿಯನ್ನು ಸ್ವಾಧೀನಮಾಡಿಕೊಳ್ಳುವದು ಧರ್ಮವೆಂದು ಅವರು ಎಣಿಸಿದರು. ಆದರೆ ಏದೆನ್ ತೋಟದಲ್ಲಿ ಮನುಷ್ಯನಿಗೆ ಎರಡು ಕೆಲಸಗಳು ಒಪ್ಪಿಸಲ್ಪಟ್ಟವೆಂಬದನ್ನು ಅವರು ಮರೆತರು: ವ್ಯವಸಾಯ ಮಾಡುವದೊಂದು, ಕಾಯುವದೊಂದು. ಮೊದಲನೆಯದನ್ನು ಅವರು ಬಹಳ ಶ್ರಮದಿಂದ ಮಾಡಿದರು; ಎರಡನೆಯದು ಅವರ ಮನಸ್ಸಿಗೆ ಬರಲಿಲ್ಲ. ಆ ಭೂಮಿಯಲ್ಲಿ ಮೊದಲೇ ಇದ್ದ ಜನರು ತಮ್ಮ ಬಾಧ್ಯತೆಯನ್ನು ಕಳಕೊಂಡದ್ದೂ ಅವರ ಲೆಕ್ಕಕ್ಕೆ ಬರಲಿಲ್ಲ. ಕಷ್ಟಪಟ್ಟು ದುಡಿದವನ ಕೈಯಿಂದಲೂ ಅನ್ಯಾಯವು ನಡೆಯಬಹುದೆಂಬದು ಇದರಿಂದ ತಿಳಿಯುವದು.

೨. ಉಳಿದ ತುಂಡುಗಳಿಗೆ ಇರುವ ಅಪಾಯ

ಕೊಡಲಿಯು ನಿಂತ ಮೇಲೆ ಉಳಿದ ತುಂಡು ತಾನಾಗಿ ಬದುಕಿಕೊಳ್ಳುವದೆಂದು ಎಣಿಸುವದು ಸಹಜ. ಅದು ಹಾಗಲ್ಲ. ದೊಡ್ಡ ಕಾಡಿನ ಒಳಗೆ ನೆರಳೂ ತೇವವೂ ಇರುವವು. ಅದೇ ಕಾಡು ಚಿಕ್ಕ ತುಂಡಾದಾಗ ಎಲ್ಲಾ ಕಡೆಯಿಂದಲೂ ಬಿಸಿಲೂ ಗಾಳಿಯೂ ನುಗ್ಗುವವು. ಅಂಚಿನ ದೊಡ್ಡ ಮರಗಳು ಒಣಗಿ ಬೀಳುವವು. ಬಿದ್ದ ಮರದ ಸ್ಥಳದಲ್ಲಿ ಬೆಳಕು ಬೀಳುವದು. ಬೆಳಕು ಬಿದ್ದಲ್ಲಿ ಹೊರಗಿನ ಕಳೆಯು ಏಳುವದು. ಹೀಗೆ ಅಂಚು ಪ್ರತಿವರುಷವೂ ಸ್ವಲ್ಪ ಸ್ವಲ್ಪವಾಗಿ ಒಳಗೆ ಸರಿಯುವದು.

ಬಿಗ್ ಸ್ಕ್ರಬ್ಬಿನ ತುಂಡುಗಳಿಗೆ ಮುತ್ತಿಗೆ ಹಾಕಿರುವ ಕಳೆಗಳಲ್ಲಿ ಒಂದು ನಮಗೆಲ್ಲರಿಗೂ ಗುರುತಾದದ್ದು, ಅದು ಲಂಟಾನ. ಅಮೆರಿಕಾ ಖಂಡದಿಂದ ಹೂವಿನ ಅಂದಕ್ಕಾಗಿ ತಂದ ಈ ಗಿಡವು ಅಲ್ಲಿಯೂ ಇಲ್ಲಿಯೂ ಬೇಲಿಯನ್ನು ದಾಟಿ ಕಾಡನ್ನು ಸೇರಿತು. ಇನ್ನೊಂದು ಮದೀರ ಬಳ್ಳಿ. ಇದು ದಕ್ಷಿಣ ಅಮೆರಿಕದಿಂದ ಬಂದದ್ದು. ನಮ್ಮ ಬಸಳೆಯ ಕುಲಕ್ಕೆ ಸೇರಿದ್ದು. ಅದರ ಬಳ್ಳಿಯ ಗೆಣ್ಣುಗಳಲ್ಲಿ ಚಿಕ್ಕ ಗಡ್ಡೆಗಳು ಬಿಡುವವು. ಬಳ್ಳಿಯನ್ನು ಎಳೆದರೆ ಗಡ್ಡೆಗಳು ಉದುರಿ ಒಂದೊಂದೂ ಹೊಸ ಬಳ್ಳಿಯಾಗುವದು. ಮೂರನೆಯದು ಬೆಕ್ಕಿನ ಉಗುರಿನಂಥ ಕೊಕ್ಕೆಗಳಿಂದ ಮರವನ್ನು ಹತ್ತುವ ಇನ್ನೊಂದು ಬಳ್ಳಿ. ಇವು ಮರದ ತುದಿಯ ವರೆಗೆ ಹತ್ತಿ, ಕಂಬಳಿಯಂತೆ ಮುಚ್ಚಿ, ಭಾರದಿಂದಲೂ ಕತ್ತಲೆಯಿಂದಲೂ ಮರವನ್ನು ಕೊಲ್ಲುವವು.

ಇದಲ್ಲದೆ ಕಣ್ಣಿಗೆ ಕಾಣದ ಇನ್ನೊಂದು ಅಪಾಯವುಂಟು. ಒಂದು ತುಂಡಿನಲ್ಲಿ ಒಂದು ಜಾತಿಯ ಎರಡು ಮೂರು ಮರಗಳು ಮಾತ್ರ ಉಳಿದರೆ, ಅವುಗಳ ಬೀಜವೆಲ್ಲಾ ಒಂದೇ ಮನೆಯವರೊಳಗೆ ಮದುವೆಯಾದವರ ಸಂತಾನದಂತೆ ಬಲಗುಂದುವದು. ಆದಕಾರಣ ಸಸಿಗಳನ್ನು ಬೆಳೆಸುವವರು ಒಂದೇ ಮರದ ಬೀಜವನ್ನು ಬುಟ್ಟಿ ತುಂಬಾ ತರದೆ ದೂರದೂರದ ಹಲವು ಮರಗಳಿಂದ ಆರಿಸಿಕೊಳ್ಳುವದು ಒಳ್ಳೇದು.

ಈ ಬಗೆಯ ಕಾಡು ಅತ್ಯಂತ ಅಪಾಯದಲ್ಲಿದೆ ಎಂದು ಆಸ್ಟ್ರೇಲಿಯದ ಸರಕಾರವು ೨೦೧೧ರಲ್ಲಿ ತನ್ನ ಕಾಯಿದೆಯ ಪಟ್ಟಿಯಲ್ಲಿ ಸೇರಿಸಿತು. ಆದರೆ ಪಟ್ಟಿಯಲ್ಲಿ ಬರೆದ ಮಾತ್ರದಿಂದ ಒಂದು ಬಳ್ಳಿಯೂ ಸಾಯುವದಿಲ್ಲ. ಯಾರಾದರೂ ಹೋಗಿ ಮೊಣಕಾಲೂರಿ ಕೀಳಬೇಕು.

೩. ಇಬ್ಬರು ಸಹೋದರಿಯರು ಕಲಿಸಿದ ಮೂರು ನಿಯಮಗಳು

ಹಾಗೆ ಮೊಣಕಾಲೂರಿದವರಲ್ಲಿ ಜೋನ್ ಬ್ರಾಡ್ಲಿ, ಐಲೀನ್ ಬ್ರಾಡ್ಲಿ ಎಂಬ ಅಕ್ಕತಂಗಿಯರು ಪ್ರಸಿದ್ಧರು. ಇವರು ಬಿಗ್ ಸ್ಕ್ರಬ್ಬಿನವರಲ್ಲ. ಅದಕ್ಕೆ ಬಹು ದಕ್ಷಿಣದಲ್ಲಿರುವ ಸಿಡ್ನಿ ಪಟ್ಟಣದ ಮಾಸ್ಮನ್ ಎಂಬ ಭಾಗದವರು. ಅವರ ಮನೆಯ ಸಮೀಪದ ಕಾಡು ಮಳೆಕಾಡೂ ಅಲ್ಲ. ಆದರೆ ೧೯೬೦ರ ದಶಕದಲ್ಲಿ ಅವರು ಅಲ್ಲಿ ತಿರುಗಾಡುತ್ತಾ ಕಂಡುಕೊಂಡ ರೀತಿಯು ಆ ದೇಶದ ಎಲ್ಲಾ ಕಾಡುಗಳಲ್ಲಿ ದುಡಿಯುವವರಿಗೆ ಪ್ರಥಮ ಪಾಠವಾಯಿತು. ಕೂಲಿಯಾಳುಗಳು ಕಳೆಯನ್ನು ಒಮ್ಮೆಗೇ ಸವರಿಹಾಕಿದ ಕಡೆಯಲ್ಲೆಲ್ಲಾ ಕಳೆಯೇ ಇನ್ನೂ ದಟ್ಟವಾಗಿ ಏಳುತ್ತಿತ್ತು. ತಾವು ದಾರಿ ನಡೆಯುತ್ತಾ ಮೆಲ್ಲನೆ ಒಂದೊಂದಾಗಿ ಕಿತ್ತ ಕಡೆಯಲ್ಲಾದರೋ ಸ್ವದೇಶದ ಗಿಡಗಳು ತಾವಾಗಿ ಹುಟ್ಟಿ ಸ್ಥಳವನ್ನು ತುಂಬಿಕೊಳ್ಳುತ್ತಿದ್ದವು. ಇದನ್ನು ನೋಡಿ ಅವರು ಮೂರು ನಿಯಮಗಳನ್ನು ಮಾಡಿದರು.

ಮೊದಲನೆಯದು: ಚೆನ್ನಾಗಿರುವ ಸ್ಥಳದಿಂದ ಕೆಟ್ಟಿರುವ ಸ್ಥಳದ ಕಡೆಗೆ ಹೋಗಬೇಕು. ನಮ್ಮ ಬುದ್ಧಿಗೆ ತೋರುವದು ಇದಕ್ಕೆ ವಿರೋಧವಾದದ್ದು. ಎಲ್ಲಿ ಕಳೆಯು ಆಳುದ್ದ ನಿಂತಿದೆಯೋ ಅಲ್ಲಿಗೇ ನಾವು ಕತ್ತಿ ಹಿಡಿದು ಓಡುತ್ತೇವೆ. ಕಾಡು ಇನ್ನೂ ಕಾಡಾಗಿರುವಲ್ಲಿ ಒಂದೆರಡು ಕಳೆಗಳಿದ್ದರೆ ಅಸಡ್ಡೆಮಾಡುತ್ತೇವೆ. ಆ ಸಹೋದರಿಯರು ಮೊದಲು ಆ ಒಂದೆರಡನ್ನು ಕಿತ್ತರು. ಒಳ್ಳೇ ಸ್ಥಳವು ಭದ್ರವಾದ ಮೇಲೆ ಅದರ ಅಂಚಿನಿಂದ ಒಂದು ಮಾರು ಮುಂದಕ್ಕೆ ಹೋದರು. ಬಲವಾದ ಕಾಡು ತಾನೇ ಬೀಜವನ್ನು ಚೆಲ್ಲುತ್ತಾ ಅವರ ಹಿಂದೆ ಬಂತು. ಸಾರ್ದಿಸಿನವರಿಗೆ ಹೇಳಲ್ಪಟ್ಟ ಕ್ರಮವು ಇದೇ ಅಲ್ಲವೇ?

ಎರಡನೆಯದು: ಸಾಧ್ಯವಾದ ಮಟ್ಟಿಗೆ ನೆಲವನ್ನು ಕದಡಬಾರದು. ಮಣ್ಣನ್ನು ಅಗೆದು ತಿರುಗಿಹಾಕಿದರೆ ಅಡಗಿದ್ದ ಕಳೆಯ ಬೀಜವು ಬೆಳಕನ್ನು ಕಂಡು ಏಳುವದು. ಕಳೆಯನ್ನು ಕಿತ್ತ ಕೂಡಲೇ ತರಗೆಲೆಯನ್ನು ಇದ್ದ ಹಾಗೆಯೇ ಮುಚ್ಚಬೇಕು. ಗೋದಿಯ ನಡುವೆ ಬೆಳೆದ ಕಳೆಯನ್ನು ಕೀಳುವದಕ್ಕೆ ಆಳುಗಳು ಆತುರಪಟ್ಟಾಗ ಯಜಮಾನನು ತಡೆದನೆಂದು ಮತ್ತಾಯನ ಸುವಾರ್ತೆಯಲ್ಲಿ ಓದುತ್ತೇವೆ. ಆ ಸಾಮ್ಯವನ್ನು ಕರ್ತನು ಒಕ್ಕಲುತನವನ್ನು ಕಲಿಸುವದಕ್ಕೆ ಹೇಳಲಿಲ್ಲ. ಅದರ ಅರ್ಥವನ್ನು ತಾನೇ ಬಿಡಿಸಿ ಹೇಳಿದ್ದಾನೆ. ಆದರೂ ಆತುರದ ಕೈ ಕಳೆಯೊಂದಿಗೆ ಪೈರನ್ನೂ ಕೀಳುವದೆಂಬದು ಹೊಲವನ್ನು ಬಲ್ಲವರಿಗೆಲ್ಲಾ ಗೊತ್ತಿದ್ದ ಸಂಗತಿಯಾದದರಿಂದಲೇ ಆತನು ಅದನ್ನು ದೃಷ್ಟಾಂತವಾಗಿ ಉಪಯೋಗಿಸಿದನು.

ಮೂರನೆಯದು: ಕಳೆ ಕೀಳುವ ವೇಗವನ್ನು ನಾವು ನೇಮಿಸಬಾರದು, ಸ್ವದೇಶದ ಗಿಡಗಳು ಮರಳಿ ಹುಟ್ಟುವ ವೇಗವೇ ಅದನ್ನು ನೇಮಿಸಬೇಕು. ಅವು ತುಂಬಿಕೊಳ್ಳುವದಕ್ಕಿಂತ ಹೆಚ್ಚು ಸ್ಥಳವನ್ನು ತೆರವುಮಾಡಿದರೆ ಬರಿದಾದ ನೆಲವು ಪುನಃ ಕಳೆಯ ಪಾಲಾಗುವದು. ಬಿತ್ತಿದವನು ರಾತ್ರಿ ಮಲಗಿ ಹಗಲು ಏಳುತ್ತಿರುವಲ್ಲಿ ಬೀಜವು ಅವನಿಗೆ ತಿಳಿಯದ ರೀತಿಯಲ್ಲಿ ಬೆಳೆಯುವದೆಂದು ಮಾರ್ಕನ ಸುವಾರ್ತೆಯಲ್ಲಿದೆ. ಬೆಳೆಸುವದು ನಮ್ಮ ಕೆಲಸವಲ್ಲ. ಅಡ್ಡಿಯನ್ನು ತೆಗೆದು ಕಾದಿರುವದು ನಮ್ಮ ಕೆಲಸ.

ಈ ನಿಯಮಗಳೂ ಮನುಷ್ಯರ ನಿಯಮಗಳೇ. ಅವುಗಳಿಗೆ ನಾವು ದಾಸರಾಗಬಾರದು. ಅದೇ ಸಂಸ್ಥಾನದ ವಿಂಗ್ಹಮ್ ಎಂಬ ಊರಿನಲ್ಲಿ, ಮ್ಯಾನಿಂಗ್ ಹೊಳೆಯ ದಡದ ಮೇಲೆ ಒಂದು ಚಿಕ್ಕ ಮಳೆಕಾಡು ಉಳಿದಿದೆ. ಬಳ್ಳಿಗಳು ಅದನ್ನು ತುದಿಯಿಂದ ಬುಡದ ವರೆಗೆ ಮುಚ್ಚಿದ್ದವು. ೧೯೮೦ರಲ್ಲಿ ಜಾನ್ ಸ್ಟಾಕರ್ಡ್ ಎಂಬವನು ಅಲ್ಲಿ ಕೆಲಸವನ್ನು ಆರಂಭಿಸಿದಾಗ, ಮೆಲ್ಲನೆ ಕೀಳುತ್ತಾ ಹೋದರೆ ಅಷ್ಟರೊಳಗೆ ಮರಗಳೇ ಸಾಯುವವೆಂದು ಕಂಡು, ಮರವನ್ನು ಕೊಲ್ಲುವ ಬಳ್ಳಿಗಳನ್ನು ತ್ವರೆಯಾಗಿ ಅಡಗಿಸುವ ಬೇರೊಂದು ಕ್ರಮವನ್ನು ಹಿಡಿಯಬೇಕಾಯಿತು. ಉಸಿರು ಕಟ್ಟುತ್ತಿರುವವನಿಗೆ ಮೊದಲು ಕೊರಳಿನ ಹಗ್ಗವನ್ನು ಬಿಚ್ಚಬೇಕು. ಪಥ್ಯದ ಮಾತು ಆ ಮೇಲೆ. ಈಗ ಆ ಕಾಡು ಚೇತರಿಸಿಕೊಂಡಿದೆ. ಅಲ್ಲಿ ನೆಲೆಸಿರುವ ದೊಡ್ಡ ಬಾವಲಿಗಳು ಮರಗಳ ಬೀಜಗಳನ್ನು ಒಯ್ದು ಚೆಲ್ಲುತ್ತಾ ತಾವೂ ಕೆಲಸಗಾರರಾಗಿವೆ.

ಹಾಗೆಯೇ ಬಿಗ್ ಸ್ಕ್ರಬ್ಬಿನ ಸೀಮೆಯಲ್ಲಿ ಏಷ್ಯಾದ ಪೂರ್ವದೇಶಗಳಿಂದ ತಂದ ಕರ್ಪೂರದ ಮರವು ದೊಡ್ಡ ಕಳೆಯಾಗಿದೆ. ಆದರೆ ಅದರ ಹಣ್ಣನ್ನು ತಿನ್ನುವದಕ್ಕೆ ಬರುವ ಕಾಡು ಪಾರಿವಾಳಗಳು ಮಳೆಕಾಡಿನ ಬೀಜಗಳನ್ನು ಅದರ ನೆರಳಿನಲ್ಲಿ ಹಾಕಿಹೋಗುತ್ತವೆ. ಆದದರಿಂದ ಬಲ್ಲವರು ಅದನ್ನು ಒಮ್ಮೆಗೇ ಕಡಿಯದೆ, ಕೆಳಗೆ ಹುಟ್ಟಿದ ಸಸಿಗಳನ್ನು ಕಾಪಾಡಿ, ಅವು ಬಲವಾದ ಹಾಗೆಲ್ಲಾ ಕರ್ಪೂರದ ಮರವನ್ನು ಸ್ವಲ್ಪಸ್ವಲ್ಪವಾಗಿ ತೆಗೆಯುತ್ತಾರೆ. ಶತ್ರುವಿನ ನೆರಳಿನಲ್ಲಿಯೂ ದೇವರು ತನ್ನ ಸಸಿಗಳನ್ನು ಉಳಿಸಿಕೊಳ್ಳುವದುಂಟು.

೪. ನಮ್ಮ ಆತುರದಿಂದ ಆದ ನಷ್ಟ

ನಾವು ಇದನ್ನು ಇಷ್ಟು ವಿಸ್ತಾರವಾಗಿ ಬರೆಯುವದಕ್ಕೆ ಕಾರಣವುಂಟು. ನಾವು ಸೇವೆಮಾಡಿದ ಒಂದು ಸಭೆಯಲ್ಲಿ ಸ್ಮಶಾನದ ಹಿಂದುಗಡೆ, ಹಳ್ಳದ ಪಕ್ಕದಲ್ಲಿ, ಅರ್ಧ ಎಕರೆಯಷ್ಟು ಹಳೇ ಕಾಡು ಉಳಿದಿತ್ತು. ಬೇಸಗೆಯಲ್ಲಿಯೂ ಅಲ್ಲಿ ತಂಪಿತ್ತು, ಹಳ್ಳದಲ್ಲಿ ನೀರಿತ್ತು. ಬೆಳೆಯ ಹಬ್ಬದ ಮುಂಚೆ ಸ್ಥಳವನ್ನು ಶುದ್ಧಮಾಡಬೇಕೆಂದು ನಾವೇ ಯೌವನಸ್ಥರನ್ನು ಕರೆದೆವು. ಅವರು ಸಂತೋಷದಿಂದ ಬಂದು, ಒಂದೇ ದಿವಸದಲ್ಲಿ ಮರಗಳ ಕೆಳಗಿದ್ದ ಪೊದೆ, ಸಸಿ, ಬಳ್ಳಿ ಎಲ್ಲವನ್ನೂ ಸವರಿ, ತರಗೆಲೆಯನ್ನು ಗುಡಿಸಿ ಬೆಂಕಿಯಿಟ್ಟರು. ಸ್ಥಳವು ಅಂಗಳದಂತಾಯಿತು. ಎಲ್ಲರೂ ಹೊಗಳಿದರು, ನಾವೂ ಹಿಗ್ಗಿದೆವು.

ಸಭೆಯ ಒಬ್ಬ ವೃದ್ಧ ತಾಯಿ ಮಾತ್ರ ಬಾಗಿಲಲ್ಲಿ ನಿಂತು, "ಉಪದೇಶಿಗಳೇ, ತಾಯಿಮರಗಳನ್ನು ಬಿಟ್ಟು ಮಕ್ಕಳನ್ನೆಲ್ಲಾ ಕೊಯ್ದುಬಿಟ್ಟಿರಲ್ಲಾ" ಎಂದರು. ನಾವು ನಕ್ಕು ಸುಮ್ಮನಾದೆವು. ಮುಂದಿನ ಮಳೆಗಾಲದಲ್ಲಿ ಕಮ್ಯೂನಿಸ್ಟ್ ಗಿಡವು ಎದೆಯುದ್ದ ಎದ್ದಿತು. ಮರುವರುಷ ಪುನಃ ಕಡಿಸಿದೆವು. ಅದು ಇನ್ನೂ ದಟ್ಟವಾಯಿತು. ಹಲಸು, ರಾಮಪತ್ರೆ, ನೇರಳೆಯ ಸಸಿ ಒಂದಾದರೂ ಮೇಲೆ ಬರಲಿಲ್ಲ. ಆ ತಾಯಿ ಕರ್ತನಲ್ಲಿ ನಿದ್ರೆಹೋಗಿ ಈಗ ಕೆಲವು ವರುಷಗಳಾದವು. ಅವರನ್ನು ಆ ಸ್ಮಶಾನದಲ್ಲಿಯೇ ಹೂಣಿಡುವಾಗ ಹಳ್ಳವು ಬತ್ತಿತ್ತು. ಅದಕ್ಕೆ ನಮ್ಮ ಕತ್ತಿಯೊಂದೇ ಕಾರಣವೆಂದು ನಾವು ಹೇಳಲಾರೆವು. ನಮ್ಮ ಕತ್ತಿಯು ನಿರಪರಾಧಿ ಎಂದೂ ಹೇಳಲಾರೆವು.

ಹುರುಪು ಪಾಪವಲ್ಲ. ಆದರೆ ತಿಳುವಳಿಕೆಯಿಲ್ಲದ ಹುರುಪು ಒಂದು ದಿವಸದಲ್ಲಿ ಮಾಡಿದ್ದನ್ನು ತಾಳ್ಮೆಯು ಹತ್ತು ವರುಷದಲ್ಲಿ ಸರಿಮಾಡಬೇಕಾಗುವದು.

೫. ದುಡಿಯುವವರಿಗೆ ನೆರವಾಗುವ ಬಗೆ

ಬಿಗ್ ಸ್ಕ್ರಬ್ಬಿನ ಸೀಮೆಯಲ್ಲಿ ೧೯೯೨ರಲ್ಲಿ ಭೂಮಿಯ ಒಡೆಯರೂ ನೆರೆಹೊರೆಯವರೂ ಸಸ್ಯಶಾಸ್ತ್ರವನ್ನು ಬಲ್ಲವರೂ ಕೂಡಿ ಬಿಗ್ ಸ್ಕ್ರಬ್ ಲ್ಯಾಂಡ್‌ಕೇರ್ ಎಂಬ ಸಂಘವನ್ನು ಕಟ್ಟಿದರು. ಅದು ಈಚೆಗೆ ತನ್ನ ಹೆಸರನ್ನು ಬಿಗ್ ಸ್ಕ್ರಬ್ ರೇನ್‌ಫಾರೆಸ್ಟ್ ಕನ್ಸರ್ವೆನ್ಸಿ ಎಂದು ಬದಲಾಯಿಸಿಕೊಂಡಿದೆ. ಅವರ ಕೆಲಸವನ್ನು ನೋಡಿದರೆ ನೆರವಿನ ವಿಷಯದಲ್ಲಿ ಕೆಲವು ಸಂಗತಿಗಳು ತಿಳಿಯುವವು.

ಮೊದಲು, ಎಲ್ಲರೂ ಒಂದೇ ಕೆಲಸವನ್ನು ಮಾಡಬೇಕಾಗಿಲ್ಲ. ಕಾಡಿನ ತುಂಡು ಒಬ್ಬನ ಭೂಮಿಯಲ್ಲಿದ್ದರೆ, ಅವನು ಒಳಗೆ ಬರುವದಕ್ಕೆ ಅಪ್ಪಣೆ ಕೊಟ್ಟು ಹಸುಗಳು ನುಗ್ಗದಂತೆ ಬೇಲಿ ಹಾಕುವದೇ ಅವನ ಕಾಣಿಕೆ. ಗಿಡಗಳನ್ನು ಬಲ್ಲವನು ಕಳೆ ಯಾವದು, ಸಸಿ ಯಾವದು ಎಂದು ಕಲಿಸುವನು. ಮುದುಕರು ನೆರಳಿನಲ್ಲಿ ಕೂತು ಬೀಜವನ್ನು ಬಿಡಿಸುವರು. ಎತ್ತರದ ಬಳ್ಳಿ, ವಿಷದ ಔಷಧಿ ಮೊದಲಾದ ಅಪಾಯದ ಕೆಲಸಗಳಿಗೆ ಕಲಿತ ಕೆಲಸಗಾರರು ಬೇಕು; ಅವರ ಕೂಲಿಗೆ ಹಣವಂತರು ಹಣ ಕೊಡಬೇಕು. ಕೂಲಿಯಿಲ್ಲದೆ ದುಡಿಯುವವರ ಹೆಸರನ್ನು ಹೇಳಿ ಕೂಲಿಯವನ ಹೊಟ್ಟೆಯನ್ನು ಮರೆಯುವದು ನ್ಯಾಯವಲ್ಲ.

ಎರಡನೆಯದಾಗಿ, ಆರಂಭಕ್ಕಿಂತ ಹಿಂತಿರುಗಿ ಬರುವದು ಮುಖ್ಯ. ಕಳೆಯನ್ನು ಒಮ್ಮೆ ಕಿತ್ತ ಮೇಲೆ ಅದರ ಬೀಜವೂ ಗಡ್ಡೆಯೂ ನೆಲದಲ್ಲಿರುವವು. ಕೆಲವು ತಿಂಗಳಲ್ಲಿ ಪುನಃ ಬರಬೇಕು; ಅದರ ಮುಂದಿನ ವರುಷವೂ, ಅದರ ಮುಂದಿನ ವರುಷವೂ ಬರಬೇಕು. ಹಿಂತಿರುಗಿ ಬರುವ ಮನಸ್ಸಿಲ್ಲದವನು ಆರಂಭಿಸದೆ ಇರುವದೇ ಲೇಸು. ಆದರೆ ದಾನಮಾಡುವವರೆಲ್ಲರೂ ಆರಂಭಕ್ಕೆ ಕೊಡುವದನ್ನೇ ಇಷ್ಟಪಡುತ್ತಾರೆ. ನಮ್ಮ ದೇಶದಲ್ಲಿಯೂ ಹೀಗೆಯೇ. ೧೯೫೦ರಲ್ಲಿ ಆರಂಭವಾದ ವನಮಹೋತ್ಸವದ ದಿವಸದಲ್ಲಿಯೂ ಜೂನ್ ೫ರ ಪರಿಸರ ದಿನದಲ್ಲಿಯೂ ಸಸಿ ನೆಡುವವರ ಗುಂಪು ದೊಡ್ಡದು, ಚಿತ್ರ ತೆಗೆಯುವವರ ಗುಂಪು ಅದಕ್ಕಿಂತ ದೊಡ್ಡದು. ಮುಂದಿನ ಬೇಸಗೆಯಲ್ಲಿ ನೀರು ಹೊಯ್ಯುವವನು ಒಬ್ಬನೂ ಇಲ್ಲ. ನೂರು ರೂಪಾಯಿ ಕೊಡಲು ಮನಸ್ಸುಳ್ಳವನು ಅದನ್ನು ಒಮ್ಮೆಗೇ ಕೊಡದೆ, ಹತ್ತರಂತೆ ಹತ್ತು ವರುಷ ಕೊಟ್ಟರೆ ಕಾಡಿಗೆ ಹೆಚ್ಚು ಪ್ರಯೋಜನ.

ಮೂರನೆಯದಾಗಿ, ನೆಡುವದು ಯಾವಾಗಲೂ ಮೊದಲ ಕೆಲಸವಲ್ಲ. ಆ ಸೀಮೆಯ ರಾಕಿ ಕ್ರೀಕ್ ಎಂಬ ಜಲಾಶಯದ ಸುತ್ತಲಿನ ಹುಲ್ಲುನೆಲದಲ್ಲಿ ೧೯೮೩ರಿಂದ ಕಾಡನ್ನು ಹಿಂದಕ್ಕೆ ತರುವ ಕೆಲಸ ನಡೆಯಿತು. ಪಕ್ಕದಲ್ಲಿ ಹಳೇ ಕಾಡು ಉಳಿದಿದ್ದರಿಂದ ಹಕ್ಕಿಗಳೂ ಗಾಳಿಯೂ ಬೀಜವನ್ನು ತಂದವು. ಕಳೆಯನ್ನು ಅಡಗಿಸಿದಲ್ಲಿ ಸಸಿಗಳು ತಾವಾಗಿ ಎದ್ದವು. ಬೀಜದ ಮೂಲವು ಹತ್ತಿರದಲ್ಲಿಲ್ಲದ ಕಡೆಯಲ್ಲಿ ಮಾತ್ರ ಮನುಷ್ಯನು ನೆಡಬೇಕಾಗುವದು. ಆಗಲೂ ಆ ಸ್ಥಳದಲ್ಲಿ ಮೊದಲಿದ್ದ ಜಾತಿಗಳನ್ನೇ ನೆಡಬೇಕು.

೬. ನಮ್ಮ ಸೀಮೆಯಲ್ಲಿ

ಈಗ ಮನೆಗೆ ಹಿಂತಿರುಗೋಣ. ತಮಿಳು ಸೀಮೆಯ ಆನೆಮಲೆಯಲ್ಲಿ ವಾಲ್ಪಾರೈ ಎಂಬ ಊರಿನ ಸುತ್ತಲೂ ಚಹಾ ತೋಟಗಳ ನಡುವೆ ಇಂಥ ತುಂಡುಕಾಡುಗಳಿವೆ. ಅವುಗಳಲ್ಲಿ ಸಿಂಗಳೀಕಗಳೂ ಮಂಗಟ್ಟೆ ಹಕ್ಕಿಗಳೂ ವಾಸಿಸುತ್ತವೆ. ಮೈಸೂರಿನಲ್ಲಿ ಕೇಂದ್ರವನ್ನು ಇಟ್ಟುಕೊಂಡಿರುವ ನೇಚರ್ ಕನ್ಸರ್ವೇಷನ್ ಫೌಂಡೇಷನ್ ಎಂಬ ಸಂಸ್ಥೆಯವರು ಸುಮಾರು ೨೦೦೦ದಿಂದ ತೋಟದ ಒಡೆಯರ ಒಪ್ಪಿಗೆಯನ್ನು ಪಡೆದು, ಆ ಕಾಡಿನದೇ ಬೀಜಗಳಿಂದ ಸಸಿಗಳನ್ನು ಬೆಳೆಸಿ ಅಲ್ಲಿ ನೆಡುತ್ತಾ ಬಂದಿದ್ದಾರೆ. ಸಿಂಗಳೀಕಗಳು ರಸ್ತೆಯ ಮೇಲೆ ಸಾಯದ ಹಾಗೆ ಮರದಿಂದ ಮರಕ್ಕೆ ತೂಗುಸೇತುವೆಗಳನ್ನೂ ಅಲ್ಲಿ ಕಟ್ಟಿದ್ದಾರೆ.

ನಮ್ಮ ಮಲೆನಾಡಿನಲ್ಲಿ ಕಾನುಗಳಿವೆ. ಸೊಪ್ಪಿನ ಬೆಟ್ಟಗಳ ಮೂಲೆಯಲ್ಲಿ ಹಳ್ಳದ ಪಕ್ಕದ ತುಂಡುಗಳಿವೆ. ರಾಮಪತ್ರೆಯ ಜಾತಿಯ ಮರಗಳು ನೀರಿನಲ್ಲಿ ಬೇರೂರಿ ನಿಂತ ಜಡ್ಡಿಗಳಿವೆ. ಕೊಡಗಿನಲ್ಲಿ ಸಾವಿರಕ್ಕೂ ಮಿಕ್ಕ ದೇವರಕಾಡುಗಳಿವೆ. ಈ ಕೊನೆಯವುಗಳ ವಿಷಯದಲ್ಲಿ ನಮ್ಮವರು ಕೆಲವರು ಸಂಕೋಚಪಡುವದನ್ನು ನಾವು ಬಲ್ಲೆವು. ನಾವು ಮರವನ್ನು ಪೂಜಿಸುವದಿಲ್ಲ, ಪೂಜಿಸಲೂ ಕೂಡದು. ಆದರೆ ಒಂದು ಮಾತನ್ನು ಯಥಾರ್ಥವಾಗಿ ಒಪ್ಪಿಕೊಳ್ಳೋಣ. ಭಯದಿಂದಲಾಗಲಿ ಭಕ್ತಿಯಿಂದಲಾಗಲಿ ಕೊಡಲಿಯನ್ನು ತಡೆದು ಆ ಕಾಡನ್ನು ನಮ್ಮ ನೆರೆಯವರು ತಲೆತಲಾಂತರದಿಂದ ಉಳಿಸಿದರು. ಮರವು ದೇವರಲ್ಲವೆಂದು ತಿಳಿದ ನಾವು, ಅದು ದೇವರದೆಂಬದನ್ನು ಮರೆತು ಕೊಡಲಿಗೆ ಎಷ್ಟು ಸಾರಿ ದಾರಿ ಬಿಟ್ಟೆವು? ತಿಳುವಳಿಕೆ ಹೆಚ್ಚಾದವನಿಂದ ಹೆಚ್ಚು ಲೆಕ್ಕವನ್ನು ಕೇಳಲಾಗುವದು. ಅವರು ಕಾಡನ್ನು ಕಾಯುವಾಗ ಬೇಲಿಯ ಕಂಬವನ್ನು ಹೊರುವದಕ್ಕೂ ಬೆಂಕಿಯನ್ನು ಆರಿಸುವದಕ್ಕೂ ಅವರೊಂದಿಗೆ ನಿಲ್ಲುವದರಿಂದ ನಮ್ಮ ವಿಶ್ವಾಸಕ್ಕೆ ಕೊರತೆ ಬಾರದು. ನಮ್ಮ ಸಾಕ್ಷಿಗೆ ಬೆಲೆ ಬಂದೀತು.

ಒಂದೊಂದು ಸಭೆಯೂ ಮಾಡಬಹುದಾದದ್ದನ್ನು ಇಲ್ಲಿ ಹೇಳುತ್ತೇವೆ.

(ಅ) ನಿಮ್ಮ ದೇವಾಲಯದ ಹಿತ್ತಲು, ಸ್ಮಶಾನ, ಹಳ್ಳದ ದಂಡೆ ಇವುಗಳಲ್ಲಿ ಹಳೇ ಕಾಡಿನ ತುಂಡು ಇದೆಯೋ ಎಂದು ನೋಡಿರಿ. ಅಲ್ಲಿರುವ ಮರಗಳ ಹೆಸರುಗಳನ್ನು ಊರಿನ ಹಿರಿಯರಿಂದ ಕೇಳಿ ಬರೆದಿಡಿರಿ; ಆ ಹಿರಿಯರು ಹೋದರೆ ಹೆಸರುಗಳೂ ಹೋಗುವವು.

(ಆ) ಕಳೆಯನ್ನೂ ಸಸಿಯನ್ನೂ ಗುರುತಿಸಲು ಕಲಿಯುವ ವರೆಗೆ ಕತ್ತಿಯನ್ನು ಹಿಡಿಯಬೇಡಿರಿ. ಕಲಿತ ಮೇಲೆ, ಚೆನ್ನಾಗಿರುವ ಕಡೆಯಿಂದ ಕೈಯಿಂದಲೇ ಕೀಳುತ್ತಾ ಬನ್ನಿರಿ. ಬೆಂಕಿಯನ್ನು ಎಂದಿಗೂ ಇಡಬೇಡಿರಿ.

(ಇ) ತಿಂಗಳಿಗೆ ಒಂದು ಶನಿವಾರವನ್ನು ಗೊತ್ತುಮಾಡಿರಿ. ಐವತ್ತು ಜನ ಒಂದು ದಿವಸ ಬರುವದಕ್ಕಿಂತ ಐದು ಜನ ಹತ್ತು ವರುಷ ಬರುವದು ಉತ್ತಮ.

(ಈ) ಸರಕಾರದ ಅರಣ್ಯದಲ್ಲಿ ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಒಂದು ಎಲೆಯನ್ನೂ ಮುಟ್ಟಬಾರದು; ಬೇರೆಯವರ ಭೂಮಿಯಲ್ಲಿ ಒಡೆಯನ ಒಪ್ಪಿಗೆ ಬೇಕು.

(ಉ) ನಿಮ್ಮಲ್ಲಿ ಇಂಥ ತುಂಡು ಇಲ್ಲದಿದ್ದರೆ, ಇರುವ ಕಡೆಯಲ್ಲಿ ದುಡಿಯುವವರಿಗೆ ವರುಷಕ್ಕೊಂದು ಕಾಣಿಕೆಯನ್ನು ಎತ್ತಿ ಕಳುಹಿಸಿರಿ. ಅದನ್ನು ಮೊದಲ ದಿನದ ಉತ್ಸವಕ್ಕಲ್ಲ, ಮುಂದಿನ ವರುಷಗಳ ಕಳೆ ಕೀಳುವಿಕೆಗೆ ಉಪಯೋಗಿಸಬೇಕೆಂದು ಕೇಳಿಕೊಳ್ಳಿರಿ.

ನಾವು ಮೊದಲು ಹೇಳಿದ ಆ ಸ್ಮಶಾನದ ಹಿಂದೆ ಈಗ ನಾಲ್ಕು ಮಂದಿ ಯೌವನಸ್ಥರು ತಿಂಗಳಿಗೊಮ್ಮೆ ಕೂಡುತ್ತಾರೆ. ಅವರಲ್ಲಿ ಒಬ್ಬಳು ಆ ವೃದ್ಧ ತಾಯಿಯ ಮೊಮ್ಮಗಳು. ಅವರು ಹಳ್ಳದ ಮೂಲೆಯ ಎರಡು ದೊಡ್ಡ ಮರಗಳ ಬುಡದಿಂದ ಆರಂಭಿಸಿದರು. ಇಷ್ಟು ದಿವಸಗಳಲ್ಲಿ ಒಂದು ಕೋಣೆಯಷ್ಟು ಸ್ಥಳವನ್ನು ಮಾತ್ರ ಕಳೆಯಿಂದ ಬಿಡಿಸಿದ್ದಾರೆ. ಕಳೆದ ಮಳೆಗಾಲದ ತರುವಾಯ ಅಲ್ಲಿ ರಾಮಪತ್ರೆಯ ಏಳು ಸಸಿಗಳು ಎದ್ದವು. ಅವುಗಳನ್ನು ಯಾರೂ ನೆಡಲಿಲ್ಲ.

ಕೂಟದಲ್ಲಿ ವಿಚಾರಿಸುವದಕ್ಕೆ ಪ್ರಶ್ನೆಗಳು

೧. ಏದೆನಿನಲ್ಲಿ ಮನುಷ್ಯನಿಗೆ ಒಪ್ಪಿಸಲ್ಪಟ್ಟ ಎರಡು ಕೆಲಸಗಳು ಯಾವವು? ನಮ್ಮ ಹಿರಿಯರು ಯಾವದನ್ನು ಮಾಡಿದರು, ಯಾವದನ್ನು ಬಿಟ್ಟರು?
೨. ಬ್ರಾಡ್ಲಿ ಸಹೋದರಿಯರ ಮೂರು ನಿಯಮಗಳನ್ನು ಹೇಳಿರಿ. ಇವುಗಳನ್ನು ಬಲಹೀನವಾದ ಒಂದು ಸಭೆಯನ್ನು ಎತ್ತುವ ಕೆಲಸಕ್ಕೆ ಹೇಗೆ ಅನ್ವಯಿಸಬಹುದು?
೩. ವಿಂಗ್ಹಮಿನಲ್ಲಿ ಬೇರೆ ಕ್ರಮವನ್ನು ಹಿಡಿದದ್ದು ಯಾಕೆ?
೪. ಆರಂಭಕ್ಕೆ ಕೊಡುವದು ಸುಲಭ, ಮುಂದುವರಿಸುವದಕ್ಕೆ ಕೊಡುವದು ಕಷ್ಟ, ಇದಕ್ಕೆ ಕಾರಣವೇನು?
೫. ನಿಮ್ಮ ಊರಿನಲ್ಲಿ ಅಳಿದುಳಿದದ್ದು ಏನಿದೆ? ಅದನ್ನು ಕಾಯುವವರು ಯಾರು?

ಪ್ರಾರ್ಥನೆಯ ವಿಷಯಗಳು: ಕಾಡಿನ ತುಂಡುಗಳಲ್ಲಿ ಪ್ರತಿಫಲವಿಲ್ಲದೆ ದುಡಿಯುವವರಿಗೆ ತಾಳ್ಮೆಯೂ ಜೊತೆಗಾರರೂ ದೊರಕುವ ಹಾಗೆ, ಭೂಮಿಯನ್ನು ಕಳಕೊಂಡ ಮೂಲನಿವಾಸಿಗಳಿಗೆ ನ್ಯಾಯವಾಗುವ ಹಾಗೆ, ನಮ್ಮ ಆತುರದಿಂದ ಹಾಳಾದದ್ದನ್ನು ಕರ್ತನು ಕ್ಷಮಿಸಿ, ಉಳಿದದ್ದನ್ನು ಕಾಯುವ ಮನಸ್ಸನ್ನು ನಮಗೆ ಕೊಡುವ ಹಾಗೆ.